ಗುರುಬಸವ್ವನಿಗೆ ಸಿಕ್ಕ ನಿದ್ದೆ

ನೇಕಾರರ ಓಣಿಯಲ್ಲಿ ಗುರುಬಸವ್ವ ಎಂಬ ತಾಯಿ ಇದ್ದಳು. ಮಗಳು ಕಸ್ತೂರಿಗೆ ನಾಲ್ಕು ವರ್ಷ. ಇನ್ನೂ ಕೂತರೆ ವಾಲುತ್ತಿದ್ದಳು, ಮಾತು ಬಂದಿರಲಿಲ್ಲ. ಒಂದು ಬಟ್ಟಲು ಗಂಜಿ ಕುಡಿಸಲು ಒಂದು ತಾಸು ಬೇಕು. ಅವಸರ ಮಾಡಿದರೆ ನೆತ್ತಿಗೇರುತ್ತಿತ್ತು. ಗಂಡ ಈರಪ್ಪ ಹಗಲೆಲ್ಲ ಮಗ್ಗದ ಮುಂದೆ.

ಓಣಿಯವರ ಕನಿಕರಕ್ಕೇನೂ ಕಡಿಮೆ ಇರಲಿಲ್ಲ. ಬಂದವರೆಲ್ಲ ಹೊಸ್ತಿಲಲ್ಲಿ ನಿಂತು ಒಂದು ಹರಕೆ, ಒಂದು ಔಷಧ ಹೇಳಿ, "ಪಾಪ" ಅಂದು ಹೋಗುತ್ತಿದ್ದರು. ಮಗುವನ್ನು ಎತ್ತಿಕೊಂಡವರು ಯಾರೂ ಇಲ್ಲ.

ಒಂದು ಮಧ್ಯಾಹ್ನ ಕಸ್ತೂರಿ ಮೂರನೇ ಸಲ ಗಂಜಿ ಉಗುಳಿದಳು. ಎರಡು ದಿನದಿಂದ ನಿದ್ದೆ ಕಾಣದ ಗುರುಬಸವ್ವನ ಕೈ ಎದ್ದೇಬಿಟ್ಟಿತು. ಪೆಟ್ಟು ಬಿತ್ತು. ಮಗು ಕಿರುಚಿತು. ಪಕ್ಕದ ಮನೆಯಲ್ಲಿ ಕೌದಿ ಹೊಲಿಯುತ್ತಿದ್ದ ಮಾಬೂಬಿ ಓಡಿಬಂದಳು.

ಗುರುಬಸವ್ವ ತಲೆ ಎತ್ತಲಿಲ್ಲ. "ಬೈಯಿ ಅಕ್ಕಾ. ನಾ ತಾಯಿ ಅಲ್ಲ, ರಾಕ್ಷಸಿ."

ಮಾಬೂಬಿ ಬೈಯಲಿಲ್ಲ. ಕೂಸಿನ ಕೆನ್ನೆ ಸವರಿ ಪಕ್ಕದಲ್ಲೇ ಕೂತಳು. "ಈಕಿಗೆ ಹೆಂಗ ಉಣಿಸ್ತಿ? ನನಗೂ ಕಲಿಸು."

"ನಿನ್ನ ಕೈಯಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರ?"

"ಅದಕ್ಕ ಕಲಿಸು ಅಂದೆ. ನನಗ ಬರೂತನಕ ನೀ ಬಾಜೂಕ ಕೂಡು."

ಎಂಟು ದಿನ ಮಾಬೂಬಿ ಬಂದಳು. ಕತ್ತಿನ ಹಿಂದೆ ಕೈ ಹೇಗಿಡಬೇಕು, ಚಮಚದಲ್ಲಿ ಎಷ್ಟಿರಬೇಕು, ನುಂಗಿದ್ದು ಹೇಗೆ ತಿಳಿಯುತ್ತದೆ, ಎಲ್ಲ ಕಲಿತಳು. ಗಂಜಿ ಅವಳ ಸೀರೆಗೂ ಸಾಕಷ್ಟು ಆಯಿತು. ಒಂಬತ್ತನೆಯ ದಿನ, "ಇನ್ನ ನಮ್ಮನ್ಯಾಗ ಹೋಗಿ ಮಲಗು" ಎಂದು ಗುರುಬಸವ್ವನನ್ನು ಎಬ್ಬಿಸಿ ಕಳಿಸಿದಳು.

ಸ್ವಲ್ಪ ಬೆನ್ನು ಚಾಚೋಣ ಎಂದಷ್ಟೇ ಅವಳು ಅಲ್ಲಿ ಒರಗಿದ್ದು. ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದುಹೋಗಿತ್ತು. ಬಿಚ್ಚಿದ ತುರುಬಿನಲ್ಲೇ ಮನೆಗೆ ಓಡಿದಳು.

ಕಸ್ತೂರಿ ಮಾಬೂಬಿಯ ತೊಡೆಯ ಮೇಲೆ ಒರಗಿ ಆಕೆಯ ಬಳೆ ತಿರುಗಿಸುತ್ತಿದ್ದಳು. ಬಟ್ಟಲು ಖಾಲಿ.

"ಎಲ್ಲಾ ಉಂಡಾಳ. ಎರಡು ತಾಸು ಹಿಡೀತು, ಅಷ್ಟ. ನಾಳೆ ಇದೇ ಹೊತ್ತಿಗೆ ಬರ್ತೀನಿ," ಎಂದಳು ಮಾಬೂಬಿ.

ಗುರುಬಸವ್ವನಿಗೆ ನಗು, ಅಳು ಒಟ್ಟಿಗೇ ಬಂದವು. ಮಗಳನ್ನು ಎತ್ತಿ ಮುದ್ದಿಟ್ಟಳು. ಒಳಗೆ ಮಗ್ಗದ ಸದ್ದು ನಿಂತಿತು. ಈರಪ್ಪ ಕೈ ತೊಳೆದುಕೊಂಡು ಬಂದು ಹೆಂಡತಿಯ ಎದುರು ಕೂತ.

"ಸಂಜೀದು ನಾ ಉಣಿಸ್ತೀನಿ. ಹೆಂಗಂತ ತೋರಿಸು."

ನೀತಿ: ಬೆಳವಣಿಗೆ ನಿಧಾನವಾದ ಮಗುವನ್ನು ಸಾಕುವವರಿಗೆ ಆಸರೆಯಾಗಬೇಕೆಂದರೆ, ಆ ಮಗುವಿನ ಆರೈಕೆ ಕಲಿಯಿರಿ, ಅವರ ಕೆಲಸದಲ್ಲಿ ಒಂದು ಪಾಲು ಹೊರಿರಿ. ತಾಯಿಗೆ ಸಿಕ್ಕ ವಿಶ್ರಾಂತಿ ಮಗುವಿಗೂ ಆರೈಕೆಯೇ.