ಹೊಸಬನಿಗೊಂದು ರೇಡಿಯೋ

ಗುರುಗಳು ಆಡಿದ ಮಾತನ್ನು ಕುಮುದಿನಿ ಮೊದಲು ತನ್ನ ಎಡ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುವಳು. ಆಮೇಲೆ ನೋಟ್‌ಬುಕ್ಕಿಗೆ ಇಳಿಸುವಳು. ಊಟದ ಗಂಟೆ ಬೇಗ ಹೊಡೆದ ದಿನ ಒಂದೆರಡು ಮಾತು ಕೈತೊಳೆದ ನೀರಿನಲ್ಲಿ ಹರಿದುಹೋದದ್ದೂ ಉಂಟು.

ಗುರುಗಳೆಂದರೆ ಭವಾನಿಶಂಕರರು. ಹರೆಯದಲ್ಲಿ ಹಡಗಿನ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು. ಹೊಳೆದಂಡೆಯ ಆ ಸಣ್ಣ ಆಶ್ರಮದಲ್ಲಿ ಅವರು ಹೇಳಿಕೊಡುತ್ತಿದ್ದ ಸಾಧನೆ ಒಂದೇ: ಕೇಳುವುದು. ಸಂಜೆಯಾದರೆ ಶಾರ್ಟ್‌ವೇವ್ ರೇಡಿಯೋ ಮುಂದೆ ಕೂರಬೇಕು. ಗೊರಗೊರ ಸದ್ದಿನೊಳಗಿಂದ ಯಾವುದೋ ದೇಶದ ದನಿಯನ್ನು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಆರಿಸಿಕೊಳ್ಳಬೇಕು.

ಬೇಸಿಗೆಯ ಶುರುವಿನಲ್ಲಿ ಅವರು ಹಳೇ ರೇಡಿಯೋವನ್ನು ದೋಣಿಯವನಿಗೆ ಕೊಟ್ಟುಬಿಟ್ಟರು. ಪಾಠ ನಿಂತಿತು. ಎರಡು ತಿಂಗಳಾದ ಮೇಲೆ ಕುಮುದಿನಿಯನ್ನು ಕರೆದರು.

"ಪೇಟೆಗೆ ಹೋಗಿ ಒಂದು ರೇಡಿಯೋ ತಗೊಂಡು ಬಾ. ಕೈಯಲ್ಲಿ ಹಿಡಿಯೋ ಅಂಥದ್ದು. ಹೊಸಬನಿಗೆ ಆಗಬೇಕು."

ಗುರುಗಳ ಮುಂದೆ ತಲೆ ಎತ್ತಿ ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. ಅವಳು ನೆಲ ನೋಡುತ್ತಲೇ ಕೇಳಿದಳು. "ಎಷ್ಟು ಬ್ಯಾಂಡ್ ಇರಬೇಕು ಗುರುಗಳೇ?"

"ಹೊಳೆ ಇಳಿದಿದೆ."

ಅಂಗೈ ಮೇಲೆ ಬರೆದುಕೊಂಡಳು. ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿದಳು. ನೀರು ಕಮ್ಮಿ, ಅಂದರೆ ಕಮ್ಮಿಯೇ ಸಾಕು. ಎರಡೇ ಬ್ಯಾಂಡಿನ ಪುಟ್ಟ ರೇಡಿಯೋ ತಂದಳು.

ಗುರುಗಳು ಅದರ ಮುಖದ ಮೇಲೆ ಅಂಗೈ ಇಟ್ಟು, ತಿರುಪು ತಿರುಗಿಸಿ, ಕಣ್ಣು ಮುಚ್ಚಿದರು.

"ಇದಲ್ಲ."

"ಏನು ಕಮ್ಮಿಯಾಯಿತು?"

"ಬೆಕ್ಕಿಗೆ ಹಾಲು ಹಾಕಿದೆಯಾ?"

ಇದನ್ನೂ ಬರೆದುಕೊಂಡಳು. ಹಾಲು ಎಲ್ಲಿದೆ ಎಂದು ಬೆಕ್ಕಿಗೆ ಯಾರೂ ತೋರಿಸಬೇಕಿಲ್ಲ. ಹಾಗೇ ಸ್ಟೇಷನ್ನುಗಳನ್ನು ತಾನೇ ಹುಡುಕಿಕೊಳ್ಳುವ ರೇಡಿಯೋ ಬೇಕು. ಬರೀ ಗುಂಡಿಗಳಿದ್ದದ್ದನ್ನು ತಂದಳು. ಗುರುಗಳ ಬೆರಳು ಅದರ ಮೇಲೆಲ್ಲ ತಡವರಿಸಿತು.

"ಇದೂ ಅಲ್ಲ."

ಅಂದು ಸಂಜೆ ಅವಳು ಬಟ್ಟೆಬರೆ ಗಂಟು ಕಟ್ಟಿಟ್ಟಳು. ಇಲ್ಲಿಗೆ ಬಂದು ಆರು ವರ್ಷ. ಇನ್ನೊಂದು ಸಲ 'ಇದಲ್ಲ' ಅಂದರೆ ಊರಿಗೆ ಹೋಗಿಬಿಡುವುದು. ಸಿಟ್ಟೇನೂ ಇರಲಿಲ್ಲ, ಸಾಕಾಗಿತ್ತು ಅಷ್ಟೇ.

ಮೂರನೇ ಸಲ ಅವಳನ್ನು ಕಂಡ ಅಂಗಡಿಯ ಫಕೀರಪ್ಪ ನಕ್ಕೇಬಿಟ್ಟ. "ಏನಕ್ಕಾ, ನಿಮ್ಮ ಗುರುಗಳು ರೇಡಿಯೋ ನೋಡ್ತಿದ್ದಾರೋ, ಮಗನಿಗೆ ಹೆಣ್ಣು ನೋಡ್ತಿದ್ದಾರೋ? ಒಂದೂ ಒಪ್ಪಿಗೆ ಆಗ್ತಿಲ್ಲವಲ್ಲ!"

"ಹೊಸಬನಿಗಂತೆ. ನೀವೇ ಒಂದು ಹೇಳಿ. ನನಗೆ ಯೋಚನೆ ಮಾಡೋಕೂ ಆಗ್ತಿಲ್ಲ."

"ಹಂಗನ್ನಿ ಮತ್ತೆ! ತಿರುಪು ಬಿಗಿಯಾಗಿರಬೇಕು, ಸ್ಪೀಕರ್ ದೊಡ್ಡದಿರಬೇಕು. ಮಿಕ್ಕಿದ್ದೆಲ್ಲ ಶೋಕಿ."

ಎರಡು ಬಸ್ಸು, ಒಂದು ದೋಣಿ. ಆಶ್ರಮ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ರೇಡಿಯೋವನ್ನು ಜಗಲಿಯ ಮೇಲಿಟ್ಟು, ಏರಿಯಲ್ ಎಳೆದು, ಅದಕ್ಕೊಂದು ತಂತಿ ಸಿಕ್ಕಿಸಿ ಸೀಬೆಗಿಡದ ತನಕ ಒಯ್ದಳು. ಗುರುಗಳು ಅಂಗೈ ಇಟ್ಟು ತಿರುಪು ತಿರುಗಿಸತೊಡಗಿದರು.

ಅವರ ಬೆನ್ನ ಹಿಂದೆ ನಿಂತಿದ್ದ ಕುಮುದಿನಿಗೆ ಒಂದು ಹೆಣ್ಣುದನಿ ಕೇಳಿಸಿತು. ಗುರುಗಳ ಕೈ ಅದನ್ನು ದಾಟಿ ಹೋಯಿತು. ಹಿಂದೆ ಬಂತು, ಮತ್ತೆ ದಾಟಿತು. ಕೊನೆಗೆ ಬರೀ ಗೊರಗೊರ ಇದ್ದ ಕಡೆ ನಿಂತಿತು.

"ಸ್ಟೇಷನ್ ದಾಟಿತು, ಗುರುಗಳೇ."

ಗುರುಗಳು ಅಲ್ಲಾಡಲಿಲ್ಲ.

"ಗುರುಗಳೇ!"

ಹೊಳೆಯಲ್ಲಿದ್ದ ಬೆಳ್ಳಕ್ಕಿ ಹಾರಿಹೋಯಿತು. ಗುರುಗಳು ತಿರುಗಲಿಲ್ಲ.

ಕುಮುದಿನಿ ಅವರ ಎದುರಿಗೆ ಬಂದು ಕೂತಳು. ಆರು ವರ್ಷದಲ್ಲಿ ಮೊದಲ ಸಲ ಮುಖ ಎತ್ತಿ, ತುಟಿ ಬಿಡಿಸಿ ಬಿಡಿಸಿ ಕೇಳಿದಳು. "ಕಿವಿ... ಯಾವಾಗಿಂದ?"

ಗುರುಗಳು ಅವಳ ತುಟಿಯನ್ನೇ ನೋಡುತ್ತಿದ್ದರು. "ಬೇಸಿಗೆ ಶುರುವಾದಾಗಿಂದ."

"ಹಾಗಾದರೆ ಹೊಳೆ ಇಳಿದಿದೆ ಅಂದದ್ದು?"

"ಇಳಿದಿತ್ತಲ್ಲ."

ಅವಳಿಗೆ ನಗು ಬಂತು. ನಗುವಷ್ಟು ತ್ರಾಣವಿರಲಿಲ್ಲ.

"ಒಂದು ಮಾತು ಹೇಳಬಾರದಿತ್ತೇ? ಮೂರು ಸಲ ಅಲೆದೆ."

"ಕೇಳೋದನ್ನ ಕಲಿಸೋ ಗುರುವಿಗೇ ಕಿವುಡು. ಗೊತ್ತಾದರೆ ಹೊರಟುಹೋಗ್ತೀಯ ಅಂತ ಹೆದರಿದೆ."

ಕುಮುದಿನಿಗೆ ಒಳಗೆ ಕಟ್ಟಿಟ್ಟಿದ್ದ ಗಂಟು ನೆನಪಾಯಿತು.

"ಹೊಸಬ ನಾನೇ," ಎಂದರು ಗುರುಗಳು. "ಅಂಗೈಯಲ್ಲಿ ಕೇಳೋದನ್ನ ಕಲೀಬೇಕು. ಈ ರೇಡಿಯೋ ಆಗುತ್ತೆ."

ಅವಳು ಅವರ ಬೆರಳಿನ ಮೇಲೆ ಬೆರಳಿಟ್ಟು ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದಳು. ಹೆಣ್ಣುದನಿ ತೇಲಿ ಬಂತು, ಮುಳುಗಿತು, ಮತ್ತೆ ಬಂತು.

ಗುರುಗಳ ಅಂಗೈ ರೇಡಿಯೋದ ಮೇಲೆ ಚಪ್ಪಟೆಯಾಗಿ ಒತ್ತಿಕೊಂಡಿತ್ತು.

"ಸಣ್ಣಗೆ ನಡುಗ್ತಿದೆ," ಎಂದರು. "ಹಾಡೋ, ಅಳುವೋ, ನನಗೆ ತಿಳೀತಿಲ್ಲ. ನೀನು ಹೇಳು, ತಾಯಿ."