ನೀರುಗಂಟಿಯ ನಿದ್ದೆ

“ಗುರುಗಳೇ, ಬೆಳಗಿನಿಂದ ಸಂಜೆಯವರೆಗೆ ನಾನು ಒಂದು ಗಳಿಗೆ ಕೂರುವುದಿಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ನೋಡಿದರೆ ಒಂದು ಕೆಲಸವೂ ಮುಗಿದಿರುವುದಿಲ್ಲ. ಯಾಕೆ ಹೀಗೆ?” ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣ, ಬಂದವರ ಊಟ, ಕೊಟ್ಟಿಗೆಯ ಹಸುಗಳು, ಹಳೆಯ ಓಲೆಗರಿಗಳನ್ನು ನೋಡಿ ಪ್ರತಿ ಮಾಡುವ ಕೆಲಸ, ಎಲ್ಲವೂ ಆ ಶಿಷ್ಯನ ಮೇಲಿದ್ದವು. ಬರೆಯಲು ಕೂತರೆ ಹಸುವಿನ ನೆನಪಾಗುತ್ತಿತ್ತು. ಹಸುವಿನ ಬಳಿ ಹೋದರೆ ಅರ್ಧಕ್ಕೆ ನಿಲ್ಲಿಸಿದ ಸಾಲಿನ ನೆನಪಾಗುತ್ತಿತ್ತು. ಈಚೆಗೆ ಅವನಿಗೆ ಅನ್ನದ ರುಚಿಯೂ ತಿಳಿಯುತ್ತಿರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಂದು ಕೆರೆ. ಕೆರೆಯ ಕೆಳಗೆ ಹದಿನೆಂಟು ಮನೆಯವರ ಗದ್ದೆ. ತೂಬಿನಿಂದ ಹೊರಟ ಒಂದೇ ಕಾಲುವೆ ಹದಿನೆಂಟು ಗದ್ದೆಗಳ ಪಕ್ಕದಲ್ಲೂ ಹಾದುಹೋಗುತ್ತಿತ್ತು. ಯಾರಿಗೆ ನೀರು ಬೇಕೋ ಅವರ ಗದ್ದೆಯ ಬದುವಿನಲ್ಲಿ ಗುದ್ದಲಿಯಿಂದ ಒಂದು ಕಂಡಿ ತೆಗೆಯಬೇಕು. ಸಾಕಾದ ಮೇಲೆ ಮಣ್ಣು ಹಾಕಿ ಮುಚ್ಚಬೇಕು. ಅದನ್ನು ನೋಡಿಕೊಳ್ಳುವವನು ಊರಿನ ನೀರುಗಂಟಿ. ಅವನ ಹೆಸರು ಮಾಯಿಗ.

ಮಾಯಿಗ ಒಳ್ಳೆಯವನು. ಯಾರಾದರೂ ಮುಖ ಸಣ್ಣದು ಮಾಡಿಕೊಂಡರೆ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ. ಯಾರು ಬಂದು ಕೇಳಿದರೂ “ಈಗಲೇ ಬಂದೆ” ಎನ್ನುತ್ತಿದ್ದ. ಹಾಗೆ ಅಂದಮೇಲೆ ಹೋಗದೆ ಇರುತ್ತಿರಲಿಲ್ಲ. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಾಲುವೆ ಕೊಡದಿದ್ದುದನ್ನು ಮೋಡ ಕೊಡುತ್ತಿತ್ತು. ಊರವರೆಲ್ಲ ಮಾಯಿಗನನ್ನು ಹೊಗಳುತ್ತಿದ್ದರು.

ಒಂದು ವರ್ಷ ಮಳೆ ಬೇಗನೆ ಹಿಂದೆ ಸರಿಯಿತು. ಕೆರೆಯಲ್ಲಿ ಮುಕ್ಕಾಲು ನೀರಿತ್ತು. ಹದಿನೆಂಟು ಗದ್ದೆಗೂ ಸಾಕಾಗುವಷ್ಟು ನೀರು ಅದು. ಆದರೆ ಬತ್ತ ಹೊಡೆ ತುಂಬಿ ತೆನೆ ಹೊರಡುವ ಹೊತ್ತಿನಲ್ಲಿ ಎಲ್ಲರಿಗೂ ಒಮ್ಮೆಗೇ ಭಯ ಹುಟ್ಟಿತು. ಆ ಹೊತ್ತಿನಲ್ಲಿ ಪೈರಿನ ಬುಡ ಒಣಗಿದರೆ ಕಾಳು ಜೊಳ್ಳಾಗುತ್ತದೆ. ಹದಿನೆಂಟು ಮನೆಯವರೂ ಮಾಯಿಗನ ಹತ್ತಿರ ಬಂದರು. ಅವನು ಹದಿನೆಂಟು ಮಂದಿಗೂ “ಈಗಲೇ ಬಂದೆ” ಎಂದ.

ಅಂದಿನಿಂದ ಅವನ ಓಟ ಶುರುವಾಯಿತು. ಒಂದು ಗದ್ದೆಯ ಕಂಡಿ ತೆಗೆದು ನೀರು ತಿರುಗಿಸುವಷ್ಟರಲ್ಲಿ ಇನ್ನೊಬ್ಬ ಬದುವಿನ ಮೇಲೆ ನಿಂತು ಕೂಗುತ್ತಿದ್ದ. ಮಾಯಿಗ ಮೊದಲನೆಯ ಕಂಡಿಯನ್ನು ಅರ್ಧ ಮುಚ್ಚಿ ಅತ್ತ ಓಡುತ್ತಿದ್ದ. ಅಲ್ಲಿ ಮಣ್ಣು ಎಳೆಯುವಾಗ ಮೂರನೆಯವನ ನೆನಪಾಗುತ್ತಿತ್ತು. ಒಣಗಿದ ಕಾಲುವೆ ಮೊದಲು ತಾನು ಕುಡಿದು ಆಮೇಲೆ ಮುಂದಕ್ಕೆ ಬಿಡುತ್ತದೆ. ಪ್ರತಿ ಸಲ ಅವನು ನೀರು ತಿರುಗಿಸಿದಾಗಲೂ ಆ ದಾರಿಯ ಮಣ್ಣು ಹೊಸದಾಗಿ ಕುಡಿಯಿತು. ನೀರು ಗದ್ದೆಯ ಬಾಯಿಗೆ ಬರುವ ಹೊತ್ತಿಗೆ ಮಾಯಿಗ ಅದನ್ನು ಬೇರೆ ಕಡೆಗೆ ಕರೆದಿರುತ್ತಿದ್ದ.

ಹೀಗೆ ಎಂಟು ದಿನ ಕಳೆದವು. ಅವನ ಅಂಗಾಲು ಒಡೆದವು. ಮನೆಯಲ್ಲಿ ಹೆಂಡತಿ ಮಾತಾಡಿಸಿದರೆ ಅವಳ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಹದಿನೆಂಟು ದನಿಗಳು ಒಟ್ಟಿಗೆ ಕರೆಯುತ್ತಿದ್ದವು. ಬದುವಿನ ಮೇಲೆ ನಡೆಯುವಾಗ ತಾನು ಹೋಗುತ್ತಿರುವುದು ಯಾವ ಗದ್ದೆಗೆ, ಬಂದದ್ದು ಯಾವುದರಿಂದ ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು. ಎಚ್ಚರದಲ್ಲಿದ್ದೇನೋ ಕನಸಿನಲ್ಲಿದ್ದೇನೋ ಎಂದು ಒಂದೆರಡು ಸಲ ಕಾಲುವೆಗೆ ಕೈ ಅದ್ದಿ ನೋಡಿಕೊಂಡ.

ಎಂಟನೆಯ ದಿನ ಇಬ್ಬರ ಗದ್ದೆಯಲ್ಲಿ ತೆನೆ ಬೆಳ್ಳಗಾಯಿತು. ಹಿಸುಕಿದರೆ ಒಳಗೆ ಹಾಲಿರಲಿಲ್ಲ. ಇಬ್ಬರಲ್ಲಿ ಒಬ್ಬ ಮಾಯಿಗನ ಸ್ವಂತ ಭಾವ. ಅವನು ಮಾಯಿಗನನ್ನು ಬೈಯಲಿಲ್ಲ. ಒಂದು ತೆನೆ ಕಿತ್ತು ತಂದು ಅವನ ಅಂಗೈಯಲ್ಲಿಟ್ಟು ಹೊರಟುಹೋದ.

ಕಾಲುವೆಯ ಕೊಟ್ಟಕೊನೆಯ ಗದ್ದೆ ಬೋರಮ್ಮ ಎಂಬ ಹೆಂಗಸಿನದು. ಗಂಡ ಸತ್ತ ಮೇಲೆ ಒಬ್ಬಳೇ ಉಳಿಸಿಕೊಂಡು ಬಂದ ತುಂಡು ಅದು. ಅದರ ಅಕ್ಕಿಯೇ ಅವಳಿಗೂ ಅವಳ ಕುರುಡಿ ಅತ್ತೆಗೂ ವರ್ಷದ ಅನ್ನ. ಒಂಬತ್ತನೆಯ ದಿನ ಬೆಳಿಗ್ಗೆ ಮಾಯಿಗ ಗುದ್ದಲಿ ಹೊತ್ತು ಅಲ್ಲಿಗೆ ಬಂದಾಗ ಅವಳು ಬದುವಿನ ಮೇಲೆ ಕೂತಿದ್ದಳು. ಗದ್ದೆ ಬಿರುಕು ಬಿಡತೊಡಗಿತ್ತು.

ಮಾಯಿಗ ಹೇಳಿದ: “ಅಕ್ಕಾ, ನಾನು ನಿನ್ನ ಗದ್ದೆ ಮರೆತಿಲ್ಲ. ನಿನ್ನೆ ನಾಲ್ಕು ಸಲ ಬಂದಿದ್ದೆ.”

“ಹೌದಪ್ಪಾ, ನಾಲ್ಕು ಸಲ ಬಂದೆ. ಒಂದು ಸಲವೂ ನಿನ್ನ ಜೊತೆ ನೀರು ಬರಲಿಲ್ಲ” ಎಂದಳು ಬೋರಮ್ಮ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಮಾಯಿಗ ತಲೆ ತಗ್ಗಿಸಿದ. ಅವನು ಕಾಲುವೆಗುಂಟ ಹಿಂದಕ್ಕೆ ನಡೆದು ದಾರಿಯಲ್ಲಿದ್ದ ಹದಿನೇಳು ಕಂಡಿಗಳನ್ನೂ ಮುಚ್ಚಿದ. ಅರ್ಧ ಮುಚ್ಚಿದ್ದವನ್ನು ತುಳಿದು ಗಟ್ಟಿ ಮಾಡಿದ. ತೂಬು ಎತ್ತಿದ. ಮತ್ತೆ ಕೊನೆಯ ಗದ್ದೆಗೆ ಬಂದು ಅಲ್ಲಿಯ ಕಂಡಿ ಬಿಡಿಸಿದ. ನೀರು ಇನ್ನೂ ಬಂದಿರಲಿಲ್ಲ. ಅದು ಬರುವವರೆಗೆ ಮಾತ್ರ ಕಾಯೋಣ, ಬಂದ ಕೂಡಲೇ ಹೊರಡೋಣ ಎಂದುಕೊಂಡು ಬದುವಿನ ಪಕ್ಕದ ಹೊಂಗೆ ಮರದ ಕೆಳಗೆ ಕೂತ. ಬೆನ್ನು ಬೊಡ್ಡೆಗೆ ತಾಗಿತು. ಎಂಟು ದಿನಗಳ ನಿದ್ದೆ ಒಂದೇ ಸಲ ಬಂದು ಅವನನ್ನು ಆವರಿಸಿತು.

ಕನಸಿನಲ್ಲಿ ಅವನಿಗೆ ಕೈಕಾಲುಗಳಿರಲಿಲ್ಲ. ಅವನು ಗದ್ದೆಗಳ ನಡುವೆ ಉದ್ದಕ್ಕೆ ಮಲಗಿದ್ದ. ಅವನ ಎದೆಯ ಮೇಲೆ ಏನೋ ತಣ್ಣಗೆ ಹರಿದುಹೋಗುತ್ತಿತ್ತು. ಎರಡೂ ಕಡೆ ಜನ ಸಾಲಾಗಿ ನಿಂತಿದ್ದರು. ಅವರ ಬಾಯಿ ತೆರೆದುಕೊಳ್ಳುತ್ತಿತ್ತು, ಆದರೆ ದನಿ ಇರಲಿಲ್ಲ. ಮೇಲೆ ಬೆಳ್ಳಕ್ಕಿಗಳು ಹೋಗುತ್ತಿದ್ದವು. ಅವು ಎಷ್ಟು ನಿಧಾನವಾಗಿ ಹೋಗುತ್ತಿದ್ದವೆಂದರೆ ಒಂದೊಂದರ ರೆಕ್ಕೆಯ ಬಡಿತವನ್ನೂ ಎಣಿಸಬಹುದಿತ್ತು. ಅವನು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ. ಹರಿಯುವುದು ತಾನಾಗಿಯೇ ಹರಿಯುತ್ತಿತ್ತು.

ಹಿಮ್ಮಡಿಗೆ ತಣ್ಣಗಾಗಿ ಎಚ್ಚರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ಆಕಾಶ ನೆಲದ ಮೇಲೆ ಬಿದ್ದುಕೊಂಡಿತ್ತು. ಒಂದು ಮೋಡ ತೆನೆಗಳ ಬುಡದಲ್ಲಿ ಹಾಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅದು ಬೋರಮ್ಮನ ಗದ್ದೆ ಎಂದು ಅವನಿಗೆ ತಿಳಿಯಿತು. ಗದ್ದೆ ತುಂಬಿ, ಬದು ಮೀರಿ, ನೀರು ಮರದ ಕೆಳಕ್ಕೆ ಬಂದು ಅವನ ಕಾಲು ಮುಟ್ಟಿತ್ತು. ಅವನು ಕೂತಾಗ ಪಕ್ಕದ ಕಲ್ಲಿನ ಮೇಲಿದ್ದ ಹೊಂಗೆಯ ನೆರಳು ಕಾಲುವೆಯ ಅಂಚಿಗೆ ಸರಿದಿತ್ತು. ಅಷ್ಟೇ ಹೊತ್ತು ಅವನು ಮಲಗಿದ್ದುದು.

ಅವನು ಗಾಬರಿಯಾಗಿ ಎದ್ದ. ಊರೇ ಅಟ್ಟಿಸಿಕೊಂಡು ಬಂದಿರಬೇಕು ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಹದಿನೇಳು ಗದ್ದೆಗಳು ಬಿಸಿಲಿನಲ್ಲಿ ಬೆಳಿಗ್ಗೆ ಹೇಗಿದ್ದವೋ ಹಾಗೆಯೇ ನಿಂತಿದ್ದವು. ಬೋರಮ್ಮ ಗದ್ದೆಯ ಅಂಚಿನಲ್ಲಿ ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತಿದ್ದಳು.

“ನನ್ನನ್ನು ಎಬ್ಬಿಸಬಾರದಿತ್ತೇ ಅಕ್ಕಾ?”

“ಎಬ್ಬಿಸಿದ್ದರೆ ನೀನು ಎದ್ದು ಓಡಿಬಿಡುತ್ತಿದ್ದೆ” ಎಂದಳು ಅವಳು.

ಮಾಯಿಗ ಬಹಳ ಹೊತ್ತು ಆ ನೀರನ್ನೇ ನೋಡುತ್ತ ನಿಂತ. ಎಂಟು ದಿನ ಓಡಿದ ತಾನು ಒಂದು ಗದ್ದೆಯನ್ನೂ ತುಂಬಿರಲಿಲ್ಲ. ಮಲಗಿದ ತಾನು ಒಂದನ್ನು ತುಂಬಿದ್ದ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಭಾವ ಅಂಗೈಯಲ್ಲಿಟ್ಟ ತೆನೆ ಇನ್ನೂ ಅವನ ಸೊಂಟದ ಬಟ್ಟೆಯ ಮಡಿಕೆಯಲ್ಲಿತ್ತು. ಅದನ್ನು ತೆಗೆದು ನೋಡಿದ. ಆಗ ಅವನಿಗೆ ಅಳು ಬಂತು.

ಅಂದು ಸಂಜೆ ಅವನು ಹದಿನೆಂಟು ಮನೆಯವರನ್ನೂ ತೂಬಿನ ಹತ್ತಿರ ಕರೆದ. ಬೆಳೆ ಜೊಳ್ಳಾದ ಇಬ್ಬರ ಮುಂದೆ ಕೈಮುಗಿದು ತಪ್ಪು ತನ್ನದೆಂದು ಒಪ್ಪಿಕೊಂಡ. ಉಳಿದ ಗದ್ದೆಗಳಿಗೆ ಯಾರದು ಹೆಚ್ಚು ಒಣಗಿದೆಯೋ ಅದು ಮೊದಲು ಎಂದು ಎಲ್ಲರೆದುರಿಗೆ ಸರದಿ ಗೊತ್ತುಮಾಡಿದ. ಕೆರೆಯ ಏರಿಯ ಮೇಲೆ ಕಲ್ಲುಗಳನ್ನು ಸಾಲಾಗಿ ಇಟ್ಟು ಇದು ಇಂಥವರದು ಎಂದು ತೋರಿಸಿದ. ಒಬ್ಬರ ಸರದಿ ಮುಗಿದರೆ ಅವರ ಕಲ್ಲನ್ನು ಸಾಲಿನ ಕೊನೆಗೆ ಇಡುವುದು. ಹೊಂಗೆಯ ನೆರಳು ಪಕ್ಕದ ಕಲ್ಲಿನಿಂದ ಕಾಲುವೆಯ ಅಂಚಿಗೆ ಸರಿಯುವಷ್ಟು ಹೊತ್ತು ಒಂದು ಗದ್ದೆಗೆ. ಏನಾದರೂ ಹೇಳುವುದಿದ್ದರೆ ಬೆಳಿಗ್ಗೆ ತೂಬು ಎತ್ತುವ ಮೊದಲು ಬಂದು ಹೇಳಬೇಕು. ನೆನಪಿಟ್ಟುಕೊಳ್ಳುವ ಕೆಲಸವನ್ನು ಅವನು ಹೀಗೆ ಕಲ್ಲುಗಳಿಗೆ ವಹಿಸಿದ. ಅಂದು ಮನೆಗೆ ಹೋದಾಗ ಹೆಂಡತಿ ಆಡಿದ ಮಾತು ಅವನಿಗೆ ಕೇಳಿಸಿತು. ಸಾರಿಗೆ ಉಪ್ಪು ಸಾಕೇ ಎಂದು ಅವಳು ಕೇಳುತ್ತಿದ್ದಳು.

ಆದರೆ ಸರದಿ ಗೊತ್ತುಮಾಡುವುದು ಬೇರೆ, ಅದರಂತೆ ಕೂರುವುದು ಬೇರೆ. ಮರುದಿನ ಮಾಯಿಗ ಒಂದು ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತಿದ್ದಾಗ ತೂಬಿನ ಪಕ್ಕದ ಗದ್ದೆಯ ಜವರೇಗೌಡ ಬಂದು ನಿಂತ. ಊರಿನಲ್ಲಿ ಅವನ ಮಾತಿಗೆ ಎದುರಾಡಿದವರಿರಲಿಲ್ಲ.

“ಲೋ ಮಾಯಿಗ, ನನ್ನ ಗದ್ದೆ ಕಾಯುತ್ತಿದೆ. ನೀನು ಇಲ್ಲಿ ಕೂತಿದ್ದೀಯಲ್ಲೋ! ಏಳು, ನನಗಿಷ್ಟು ತಿರುಗಿಸಿ ಬಂದು ಕೂತುಕೋ.”

ಮಾಯಿಗನ ಕಾಲುಗಳು ತಾವಾಗಿಯೇ ಎದ್ದವು. “ಈಗಲೇ ಬಂದೆ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಂಟು ದಿನಗಳ ಓಟ ಇದಕ್ಕಿಂತ ಸುಲಭವಾಗಿತ್ತು ಎಂದು ಅವನಿಗೆ ಅನ್ನಿಸಿತು. ಅವನು ನೀರಿನ ಕಡೆ ನೋಡಿದ. ಅದು ಗದ್ದೆಯ ನಡುವಿನವರೆಗೆ ಮಾತ್ರ ಬಂದಿತ್ತು. ಅವನು ಮತ್ತೆ ಕೂತ.

“ಗೌಡ್ರೇ, ನಿಮ್ಮ ಸರದಿ ನಾಳಿದ್ದು. ಅವತ್ತು ಯಾರು ಬಂದು ಕರೆದರೂ ನಿಮ್ಮ ಗದ್ದೆ ಬಿಟ್ಟು ನಾನು ಏಳುವುದಿಲ್ಲ.”

ಜವರೇಗೌಡ ಬೈದುಕೊಂಡು ಹೋದ. ಮಾಯಿಗ ಕೈಯನ್ನು ನೀರಿನಲ್ಲಿ ಅದ್ದಿಟ್ಟುಕೊಂಡು ಕೂತ. ತೆನೆಗಳ ನಡುವೆ ನೀರು ಹೋಗುವ ಸಣ್ಣ ಸದ್ದು ಕೇಳಿಸಿತು. ಇಷ್ಟು ವರ್ಷ ನೀರಿನ ಕೆಲಸ ಮಾಡಿದರೂ ಆ ಸದ್ದನ್ನು ಅವನು ಕೇಳಿರಲಿಲ್ಲ.

ಸರದಿಯ ದಿನ ಜವರೇಗೌಡನ ಗದ್ದೆಗೆ ನೀರು ಹೋಗುತ್ತಿದ್ದಾಗ ಇಬ್ಬರು ಬಂದು ಮಾಯಿಗನನ್ನು ಕರೆದರು. ಅವನು ಏಳಲಿಲ್ಲ. ಗೌಡ ದೂರದಿಂದ ಅದನ್ನು ನೋಡಿದ. ಆಮೇಲೆ ಬಂದು ಅವನ ಪಕ್ಕದಲ್ಲಿ ಕೂತ.

ಆ ವರ್ಷ ಹದಿನಾರು ಗದ್ದೆಗಳು ಕೊಯ್ಲಿಗೆ ಬಂದವು. ಹದಿನಾರು ಮನೆಯವರೂ ಸೇರಿ ಉಳಿದ ಇಬ್ಬರಿಗೆ ಬತ್ತ ಅಳೆದು ಕೊಟ್ಟರು. ಅಳತೆ ಹಾಕುವಾಗ ಮೊದಲ ಮೊರ ಸುರಿದವಳು ಬೋರಮ್ಮ. ಭಾವ ಮಾತ್ರ ಎರಡು ವರ್ಷ ಮಾಯಿಗನ ಮನೆ ಮೆಟ್ಟಿಲು ಹತ್ತಲಿಲ್ಲ. ಮಾಯಿಗ ಆ ನೋವನ್ನು ಹೊತ್ತುಕೊಂಡೇ ಬದುಕಿದ. ಆದರೆ ಬದುವಿನ ಮೇಲೆ ಕೂತಾಗ ಅದನ್ನೂ ಕೆಳಗಿಳಿಸಿ ಪಕ್ಕದಲ್ಲಿಟ್ಟುಕೊಳ್ಳುವುದನ್ನು ಅವನು ಕಲಿತ. ಮುದುಕನಾಗುವವರೆಗೆ ಅವನು ಆ ಊರಿನ ನೀರುಗಂಟಿಯಾಗಿದ್ದ. ಮತ್ತೆಂದೂ ಅವನು ಓಡಿದ್ದನ್ನು ಯಾರೂ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಒಂದು ಅನುಮಾನ ಉಳಿದಿತ್ತು.

“ಗುರುಗಳೇ, ಒಂದು ಗದ್ದೆ ತುಂಬುವಷ್ಟು ಹೊತ್ತೂ ಅವನು ಸುಮ್ಮನೆ ಕೂತಿರಬೇಕಾಗಿತ್ತೇ? ಕಣ್ಣು ಒಂದು ಕಡೆ ಇಟ್ಟುಕೊಂಡೇ ಇನ್ನೊಂದು ಸಣ್ಣ ಕೆಲಸ ಮಾಡಿಕೊಳ್ಳಬಹುದಿತ್ತಲ್ಲ?”

ಗುರುಗಳು ಹೇಳಿದರು: “ಕತೆ ಕೇಳುತ್ತ ನೀನು ಮೂರು ಸಲ ಕೊಟ್ಟಿಗೆಯ ಕಡೆ ತಿರುಗಿ ನೋಡಿದೆ, ಆ ಮೂರು ಸಲವೂ ನಾನು ಏನು ಹೇಳುತ್ತಿದ್ದೆ, ಹೇಳು.”