ಒಳಗಿನ ಟೈರು

ಶಿಷ್ಯ ಕೇಳಿದ: “ಗುರುಗಳೇ, ನನ್ನ ಸ್ನೇಹಿತನೊಬ್ಬನಿಗೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲು ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ. ಎರಡು ತಿಂಗಳಾಯಿತು. ಅವನಿಗೆ ಜ್ವರವಿಲ್ಲ, ನೋವಿಲ್ಲ, ಹೊತ್ತುಹೊತ್ತಿಗೆ ಹಸಿವಾಗುತ್ತದೆ. ಚೆನ್ನಾಗಿರುವವನು ತಾನಾಗಿ ಹೋಗಿ ರೋಗವನ್ನು ಏಕೆ ಹುಡುಕಬೇಕು?”

ಕೇಳುವಾಗ ಅವನ ಕೈ ಅಂಗಿಯ ಜೇಬಿನ ಮೇಲಿತ್ತು. ಮಡಿಸಿದ ಕಾಗದದ ತುದಿ ಬೆರಳ ಸಂದಿಯಲ್ಲಿ ಕಾಣುತ್ತಿತ್ತು. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಹೇಳಿದರು.

ಒಬ್ಬ ಲಾರಿ ಡ್ರೈವರ್ ಇದ್ದ. ಎಲ್ಲಿ ಗಾಡಿ ನಿಲ್ಲಿಸಿದರೂ ಚಹಾ ಕುಡಿಯುವ ಮೊದಲು ಕಬ್ಬಿಣದ ಸರಳು ಹಿಡಿದು ಹತ್ತೂ ಟೈರುಗಳನ್ನು ಬಡಿದು ನೋಡುತ್ತಿದ್ದ. ಹಿಂದಿನ ಗಾಲಿಗಳು ಜೋಡಿ ಜೋಡಿಯಾಗಿರುತ್ತವೆ. ಒಳಗಿನ ಟೈರಿನ ಗಾಳಿ ಹೋದರೆ ಹೊರಗಿನದು ಅದರ ಭಾರವನ್ನೂ ಹೊರುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬಡಿದಾಗ ಬರುವ ಸದ್ದೇ ಹೇಳಬೇಕು. ಇಪ್ಪತ್ತು ವರ್ಷದಲ್ಲಿ ಅವನ ಗಾಡಿಯ ಒಂದು ಟೈರೂ ದಾರಿಯಲ್ಲಿ ಒಡೆದಿರಲಿಲ್ಲ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಒಮ್ಮೆ ಲಾರಿ ನಿಲ್ದಾಣದಲ್ಲಿ ಪರೀಕ್ಷೆಯ ಶಿಬಿರ ನಡೆದಿತ್ತು. ನರ್ಸ್ ಒಬ್ಬಳು ಕರೆದಳು: “ಅಣ್ಣಾ, ಬರ್ರಿ. ಎಚ್‌ಐವಿ ಪರೀಕ್ಷೆ, ಒಂದು ಹನಿ ರಕ್ತ ಸಾಕು.”

“ನನಗೇನ ಆಗೇತಿ ತಂಗಿ? ಗುಂಡಕಲ್ಲ ಇದ್ದಂಗ ಅದೀನಿ,” ಎಂದು ನಕ್ಕು, ಅವನು ಸರಳು ಹಿಡಿದು ಟೈರು ಬಡಿಯಲು ಹೋದ.

ಆರು ವರ್ಷ ಹಾಗೇ ಕಳೆಯಿತು. ಏಳನೆಯ ವರ್ಷ ಕೆಮ್ಮು ಬಂತು. ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಿದ. ಮೈ ಇಳಿಯಿತು, ದಾರಿಯ ಊಟ ಸರಿಯಿಲ್ಲ ಎಂದುಕೊಂಡ. ಸ್ಟೇರಿಂಗ್ ತಿರುಗಿಸಲು ತೋಳಿಗೆ ಶಕ್ತಿ ಸಾಲದೆ ಹೋದಾಗ ಹೆಂಡತಿ ಆಸ್ಪತ್ರೆಗೆ ಕರೆದೊಯ್ದಳು. ರಕ್ತದಲ್ಲಿ ಎಚ್‌ಐವಿ ಇತ್ತು. ಅದು ಮೈಯ ಕಾವಲನ್ನೆಲ್ಲ ತಿಂದಿದ್ದರಿಂದ ಕ್ಷಯ ಎರಡೂ ಶ್ವಾಸಕೋಶಗಳನ್ನು ಹಿಡಿದಿತ್ತು.

ಶಿಬಿರದ ವಿಷಯ ಕೇಳಿ ವೈದ್ಯರು ಹೇಳಿದರು: “ಆ ಶಿಬಿರದಲ್ಲೇ ಗೊತ್ತಾಗಿದ್ದರೆ ದಿನಾ ಮಾತ್ರೆ ನುಂಗಿಕೊಂಡು ಇವತ್ತೂ ಗಾಡಿ ಓಡಿಸ್ತಿದ್ದೆಯಪ್ಪ.”

ಅವನು ಹೇಳಿದ: “ಟೈರ್ ಒಡದ ಮ್ಯಾಲ ಸರಳ ಹಿಡದಂಗ ಆತ್ರೀ ಸಾಹೇಬ್ರ.”

ಹೆಂಡತಿಯ ರಕ್ತವನ್ನೂ ನೋಡಿದರು. ಅವಳಿಗೂ ಸೋಂಕು ತಗುಲಿತ್ತು, ಆದರೆ ಮೈ ಇನ್ನೂ ಸೋತಿರಲಿಲ್ಲ. ಇಬ್ಬರೂ ಒಂದೇ ವಾರ ಒಂದೇ ಬಗೆಯ ಮಾತ್ರೆ ಶುರು ಮಾಡಿದರು. ನಾಲ್ಕು ತಿಂಗಳಿಗೆ ಅವನು ಸತ್ತ. ಅವನನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ. ಅವಳು ಬದುಕಿದ್ದಾಳೆ. ಹನ್ನೊಂದು ವರ್ಷವಾಯಿತು. ಮೊನ್ನೆ ಇಲ್ಲಿಗೆ ಶೇಂಗಾ ಹೋಳಿಗೆ ತಂದವಳು ಅವಳೇ. ನೀನೂ ಎರಡು ತಿಂದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ನನ್ನ ಸ್ನೇಹಿತನಿಗೆ ಏನು ಹೇಳಲಿ?” ಎಂದ.

“ಅವನ ಚೀಟಿ ನಿನ್ನ ಜೇಬಿನಲ್ಲಿ ಏಕಿದೆ?” ಎಂದರು ಗುರುಗಳು.

ಶಿಷ್ಯ ಜೇಬಿನಿಂದ ಚೀಟಿ ತೆಗೆದು ಮಡಿಕೆ ಬಿಡಿಸಿದ.